ಎಸ್. ಪಿ. ರಸ್ತೆಯ ನೆನಪಿನ ಪೇಟೆ

ಬೆಂಗಳೂರಿಗೆ ಬರುವ ಪ್ರವಾಸಿಗಳು ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡುತ್ತಾರೆ. ವಿಧಾನಸೌಧದ ಎದುರು ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಬಸವನಗುಡಿಯ ದೊಡ್ಡ ಬಸವನಿಗೆ ಕೈಮುಗಿದು ಹಿಂದಿರುಗುತ್ತಾರೆ. ಸದರ್ ಪತ್ರಪ್ಪ ರಸ್ತೆಯನ್ನೇ ಅರಸಿಕೊಂಡು ದೂರದ ಊರುಗಳಿಂದ ಬರುವವರೂ ಉಂಟು. ಆದರೆ ಅವರನ್ನು ಯಾರೂ ಪ್ರವಾಸಿಗಳೆಂದು ಕರೆಯುವುದಿಲ್ಲ. ಅವರ ಕೈಯಲ್ಲೊಂದು ಚೀಟಿ ಇರುತ್ತದೆ, ಜೇಬಿನಲ್ಲಿ ಎಣಿಸಿ ಇಟ್ಟುಕೊಂಡ ಹಣವಿರುತ್ತದೆ, ಮುಖದಲ್ಲಿ ಮೋಸಹೋಗಬಾರದೆಂಬ ಬಿಗುವು ಇರುತ್ತದೆ.

ಪುರಭವನದಿಂದ ಕಾಲ್ನಡಿಗೆಯ ದೂರದಲ್ಲಿ, ನಗರ್ತಪೇಟೆ ಕಬ್ಬನ್‌ಪೇಟೆಗಳ ಮಗ್ಗುಲಲ್ಲಿ ಹಾದುಹೋಗುವ ಈ ರಸ್ತೆಗೆ ಪೂರ್ಣ ಹೆಸರಿದೆಯೆಂಬುದನ್ನೇ ಜನ ಮರೆತಿದ್ದಾರೆ. ಎಲ್ಲರ ಬಾಯಲ್ಲಿಯೂ ಅದು ಎಸ್. ಪಿ. ರಸ್ತೆ. ಕೆಂಪೇಗೌಡರು ಕಟ್ಟಿಸಿದ ಪೇಟೆಗಳಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ: ಕುಂಬಾರರಿಗೆ ಕುಂಬಾರಪೇಟೆ, ಗಾಣಿಗರಿಗೆ ಗಾಣಿಗರಪೇಟೆ, ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೇಪೇಟೆ, ಬಳೆಗೆ ಬಳೇಪೇಟೆ. ಆ ಲೆಕ್ಕದಲ್ಲಿ ಇದನ್ನು ನೆನಪಿನ ಪೇಟೆ ಎಂದರೆ ತಪ್ಪಾಗಲಾರದು. ಏಕೆಂದರೆ ಇಲ್ಲಿ ಅತಿ ಹೆಚ್ಚು ಬಿಕರಿಯಾಗುವ ಸರಕುಗಳಲ್ಲೊಂದು, ಯಂತ್ರಗಳಿಗೆ ಬೇಕಾದ ನೆನಪು.

ಒಂದು ಶನಿವಾರದ ಬೆಳಗ್ಗೆ ತುಮಕೂರಿನಿಂದ ರೈಲಿನಲ್ಲಿ ಹೊರಟು ತಂದೆ ಮಗಳಿಬ್ಬರು ಈ ರಸ್ತೆಗೆ ಬಂದರು. ಭಾನುವಾರ ಬರುವುದೆಂದು ಮೊದಲು ನಿಶ್ಚಯವಾಗಿತ್ತು. ಆ ದಿನ ಇಲ್ಲಿಯ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆಂದು ನೆರೆಮನೆಯವರು ತಿಳಿಸಿದ್ದರಿಂದ ತಂದೆ ಒಂದು ದಿನ ರಜೆ ಹಾಕಿದ್ದರು. ಅವರು ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತರು. ಮಗಳು ಎಂಜಿನಿಯರಿಂಗಿನ ಎರಡನೆಯ ವರ್ಷದ ವಿದ್ಯಾರ್ಥಿನಿ. ಬಿಡುವಿನಲ್ಲಿ ಕೇರಿಯ ಮೂವರು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಅವಳು ಕೂಡಿಸಿದ್ದ ಹಣಕ್ಕೆ ತಂದೆಯವರು ಇನ್ನಷ್ಟನ್ನು ಸೇರಿಸಿದ್ದರು. ಕೊಳ್ಳಬೇಕಾದದ್ದು, ಅವಳು ಆಟವಾಡುವ ಕಂಪ್ಯೂಟರಿಗೆ ಒಂದು ಸಾಲಿಡ್ ಸ್ಟೇಟ್ ಡ್ರೈವ್. ಬೆಲೆ ಕೈಗೆಟುಕುವಂತಿರಬೇಕು, ಆದರೂ ನಂಬಿಕೆಗೆ ಯೋಗ್ಯವಾಗಿರಬೇಕು.

ಆ ಕಂಪ್ಯೂಟರು ಸೋದರಮಾವನ ಕಚೇರಿಯಿಂದ ಬಂದ ಹಳೆಯದು. ಅದಕ್ಕೆ ಒಂದು ಗ್ರಾಫಿಕ್ಸ್ ಕಾರ್ಡನ್ನು ಸೇರಿಸಿ, ಮಗಳು ಅದನ್ನು ಆಟದ ಯಂತ್ರವಾಗಿ ಮಾಡಿಕೊಂಡಿದ್ದಳು. ಅದರೊಳಗಿನ ಹಾರ್ಡ್ ಡಿಸ್ಕ್ ಮಾತ್ರ ಹಳೆಯ ಕಾಲದ್ದು. ಆಟದಲ್ಲಿ ಒಂದು ಊರಿನಿಂದ ಮತ್ತೊಂದು ಊರಿಗೆ ಹೋಗುವಷ್ಟರಲ್ಲಿ ಅಡುಗೆಮನೆಯ ಫಿಲ್ಟರಿನಲ್ಲಿ ಕಾಫಿಯ ಡಿಕಾಕ್ಷನ್ ಇಳಿದಿರುತ್ತಿತ್ತು. ಈ ನಿಧಾನವನ್ನು ಮನೆಯವರೆಲ್ಲ ನಗೆಯಾಡುತ್ತಲೇ ಸಹಿಸಿಕೊಂಡಿದ್ದರು. ಆದರೆ ಹಿಂದಿನ ತಿಂಗಳು ಡಿಸ್ಕಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಏಳತೊಡಗಿತು. ಆಗ ಯಾರಿಗೂ ನಗೆ ಬರಲಿಲ್ಲ. ಆಟಗಳ ಜೊತೆಯಲ್ಲಿ ಅದೇ ಡಿಸ್ಕಿನಲ್ಲಿ, ಮೂರು ವರ್ಷಗಳ ಹಿಂದೆ ತೀರಿಕೊಂಡ ಅಜ್ಜಿಯ ಹಾಡುಗಳಿದ್ದವು. ಹಸೆಯ ಹಾಡು, ಬೀಸುವ ಹಾಡು, ತೊಟ್ಟಿಲ ಹಾಡು ಎಲ್ಲ ಸೇರಿ ನಲವತ್ತಾರು. ಮೊಮ್ಮಗಳೇ ಫೋನಿನಲ್ಲಿ ಹಿಡಿದದ್ದು. ಆ ಫೋನು ಎಂದೋ ಕೆಟ್ಟುಹೋಗಿತ್ತು. ಬೇರೆ ಪ್ರತಿ ಇರಲಿಲ್ಲ.

ಮೆಜೆಸ್ಟಿಕ್‌ನಿಂದ ಮೆಟ್ರೋ ರೈಲಿನಲ್ಲಿ ಚಿಕ್ಕಪೇಟೆ ಒಂದೇ ನಿಲ್ದಾಣ. 2017ರಲ್ಲಿ ಈ ಸುರಂಗಮಾರ್ಗ ತೆರೆದ ಮೇಲೆ ಹಳೆಯ ಪೇಟೆಗೆ ಬರುವವರ ಅರ್ಧ ಕಷ್ಟ ನೀಗಿದೆ. ಉಳಿದರ್ಧ ನೆಲದ ಮೇಲೆ ಹಾಗೆಯೇ ಇದೆ. ಕಾರು ತಂದವರು ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಅವರ ದಿನದ ಚಿಂತೆಯಾಗುತ್ತದೆ. ಕೈಗಾಡಿಗಳು, ತಲೆಹೊರೆಯವರು, ಸಾಮಾನು ತುಂಬಿದ ಆಟೋಗಳು, ಹಾರನ್ನು ಒತ್ತುತ್ತಲೇ ಇರುವ ಸ್ಕೂಟರುಗಳು, ಇವುಗಳ ನಡುವೆ ಕಾಲಿಡಲು ಸಿಕ್ಕಿದ ಜಾಗವೇ ಕಾಲುದಾರಿ. ತಲೆಯ ಮೇಲೆ ತಂತಿಗಳ ಬಲೆ. ಮೂರು ಮಾರು ಅಗಲದ ಅಂಗಡಿಯ ನೆತ್ತಿಯ ಮೇಲೆ ಏಳು ಅಂಗಡಿಗಳ ಹೆಸರು ಹೊತ್ತ ಫಲಕಗಳು. ಕತ್ತಲೆಯ ಮೆಟ್ಟಿಲು ಹತ್ತಿ ಹೋದರೆ ಒಳಗೆ ಇನ್ನೂ ಹನ್ನೆರಡು. ಹತ್ತಿರದಲ್ಲೇ ಧರ್ಮರಾಯಸ್ವಾಮಿಯ ಗುಡಿ. ಕರಗದ ರಾತ್ರಿ ಈ ಸುತ್ತಿನ ಬೀದಿಗಳಲ್ಲಿ ಮಲ್ಲಿಗೆಯ ಕಂಪು ತುಂಬಿರುತ್ತದೆ. ಉಳಿದ ದಿನಗಳಲ್ಲಿ ಇರುವುದು ಬೆಸುಗೆಯ ಹೊಗೆ, ಹೊಸ ಪ್ಲಾಸ್ಟಿಕ್ಕು ಮತ್ತು ಬಿಸಿ ಚಹಾದ ಮಿಶ್ರ ವಾಸನೆ.

ಈ ರಸ್ತೆಯ ಸೊಗಸೆಂದರೆ ಅದು ಹಳೆಯದನ್ನು ಹೊರಗೆ ಹಾಕಿಲ್ಲ. ಕಂಪ್ಯೂಟರಿನ ಅಂಗಡಿಗೆ ತಾಗಿಕೊಂಡೇ ಮೋಟಾರು, ಪಂಪು, ಬೇರಿಂಗು, ತಂತಿಸುರುಳಿಗಳ ಅಂಗಡಿಗಳಿವೆ. ಒಂದು ಕಡೆ ಗದ್ದೆಗೆ ನೀರೆತ್ತುವ ಯಂತ್ರದ ಬಿಡಿಭಾಗವನ್ನು ರೈತನೊಬ್ಬ ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ, ಪಕ್ಕದಲ್ಲಿ ಹದಿನೆಂಟರ ಹುಡುಗನೊಬ್ಬ ಬಣ್ಣದ ದೀಪಗಳು ಮಿನುಗುವ ಪೆಟ್ಟಿಗೆಯನ್ನು ಅಷ್ಟೇ ಗಂಭೀರವಾಗಿ ಪರೀಕ್ಷಿಸುತ್ತಿರುತ್ತಾನೆ. ಇಬ್ಬರ ಪ್ರಶ್ನೆಯೂ ಒಂದೇ: ‘ಬಾಳಿಕೆ ಬರುತ್ತದೆಯೇ?’

ಆ ಪ್ರಶ್ನೆಗೆ ಉತ್ತರ ಮೊದಲಿನಿಂದಲೂ ಸುಲಭವಾಗಿರಲಿಲ್ಲ. 1956ರಲ್ಲಿ ಐಬಿಎಂ ಸಂಸ್ಥೆಯವರು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿಗೂ ಹೆಚ್ಚು. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಇಂದು ಒಂದೇ ಒಂದು ಹಾಡು ಅಷ್ಟು ಜಾಗ ಬೇಡುತ್ತದೆ. ತಟ್ಟೆಗಳು ಕಾಲಕ್ರಮದಲ್ಲಿ ಅಂಗೈಯಗಲಕ್ಕೆ ಇಳಿದರೂ ತಿರುಗುವುದು ನಿಲ್ಲಲಿಲ್ಲ. ಸಾಮಾನ್ಯವಾದ ಹಾರ್ಡ್ ಡಿಸ್ಕೊಂದು ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ತನ್ನ ಕೆಳಗೆ ಬರುವ ತನಕ ಓದುವ ಮುಳ್ಳು ಕಾಯಬೇಕು. ಕಾಯುವುದು ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟೇ. ಆದರೆ ಆಟದ ಒಂದು ದೃಶ್ಯ ಏಳಬೇಕಾದರೆ ಅಂಥ ಸಾವಿರಾರು ಕಾಯುವಿಕೆಗಳು ಕೂಡುತ್ತವೆ. ಕಾಫಿ ಇಳಿಯುವುದು ಆ ಹೊತ್ತಿನಲ್ಲಿಯೇ.

ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಒಕ ಎಂಬ ವಿಜ್ಞಾನಿ ತಿರುಗುವ ತಟ್ಟೆಯೇ ಬೇಡವಾದ ಒಂದು ನೆನಪನ್ನು 1984ರಲ್ಲಿ ವಿದ್ವಾಂಸರ ಸಭೆಯ ಮುಂದಿಟ್ಟರು. ಒಂದೇ ಏಟಿಗೆ ಬರೆದದ್ದೆಲ್ಲ ಅಳಿಸಿಹೋಗುವ ಅದರ ರೀತಿ ಕ್ಯಾಮರಾದ ಮಿಂಚನ್ನು ನೆನಪಿಗೆ ತರುತ್ತದೆಂದು ಅವರ ಸಹೋದ್ಯೋಗಿಯೊಬ್ಬರು ಸೂಚಿಸಿದ ‘ಫ್ಲ್ಯಾಶ್’ ಎಂಬ ಹೆಸರೇ ನಿಂತಿತು. 1987ರಲ್ಲಿ ಅವರೇ ಪ್ರಕಟಿಸಿದ ನ್ಯಾಂಡ್ ಎಂಬ ಬಗೆ ಇಂದಿನ ಡ್ರೈವುಗಳಿಗೆಲ್ಲ ಮೂಲ. ಆ ಚಿಪ್ಪುಗಳು ಜಪಾನಿನ ಯೊಕ್ಕಾಯಿಚಿಯಲ್ಲಿ, ಕೊರಿಯದಲ್ಲಿ, ಸಿಂಗಪುರದಲ್ಲಿ ತಯಾರಾಗುತ್ತವೆ. ಅವುಗಳ ವಿನ್ಯಾಸದಲ್ಲಿ ಒಂದು ಪಾಲು ಈ ಎಸ್. ಪಿ. ರಸ್ತೆಯಿಂದ ಕೆಲವೇ ಮೈಲಿ ದೂರದಲ್ಲಿ ನಡೆಯುತ್ತದೆ. ಸ್ಯಾಮ್‌ಸಂಗ್, ಸ್ಯಾನ್‌ಡಿಸ್ಕ್ ಸಂಸ್ಥೆಗಳ ಸಂಶೋಧನಾಲಯಗಳು ಬೆಂಗಳೂರಿನಲ್ಲಿವೆ. ಬೆಂಗಳೂರಿನ ಎಂಜಿನಿಯರುಗಳ ಬುದ್ಧಿ ಕೊರಿಯದಲ್ಲಿ ಚಿಪ್ಪಾಗಿ ಮತ್ತೆ ನಗರ್ತಪೇಟೆಯ ಮಗ್ಗುಲಿಗೆ ಡಬ್ಬಿಯಲ್ಲಿ ಬಂದಿಳಿಯುವುದು ಒಂದು ವಿನೋದವೇ ಸರಿ.

ತಂದೆ ಮಗಳು ಮೊದಲು ಹೊಕ್ಕದ್ದು ರಸ್ತೆಯಂಚಿನ ಒಂದು ಗೂಡಂಗಡಿ. ಅಲ್ಲಿಯ ತರುಣ ಕೇಳಿದ್ದೇ ತಡ, ಚಿನ್ನದ ಬಣ್ಣದ ಒಂದು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ. ಮೇಲೆ ಹಾರುವ ಡ್ರ್ಯಾಗನ್ನಿನ ಚಿತ್ರ. ಒಂದು ಟೆರಾಬೈಟು, ಅಂದರೆ ಸಾವಿರ ಗಿಗಾಬೈಟು. ಬೆಲೆ ಹೆಸರಾಂತ ಕಂಪನಿಗಳ ಬೆಲೆಯ ಅರ್ಧಕ್ಕಿಂತ ಕಡಿಮೆ. ತಂದೆಯವರ ಮುಖ ಅರಳಿತು.

“ಗ್ಯಾರಂಟಿ?” ಎಂದರು.

“ಮೂರು ವರ್ಷ ಸಾರ್. ನಮ್ಮದೇ ಅಂಗಡಿ ಗ್ಯಾರಂಟಿ. ಕಾರ್ಡಿನ ಹಿಂದೆ ಬರೆದುಕೊಡ್ತೀನಿ.”

“ಬಿಲ್ಲು?”

“ಬಿಲ್ಲು ಬೇಕೆಂದರೆ ತೆರಿಗೆ ಸೇರುತ್ತೆ ಸಾರ್.”

ಮಗಳು ಡಬ್ಬಿಯ ನಾಲ್ಕು ಮಗ್ಗುಲನ್ನೂ ತಿರುಗಿಸಿ ನೋಡಿದಳು. ತಯಾರಕರ ವಿಳಾಸವಿಲ್ಲ, ಆಮದು ಮಾಡಿದವರ ಹೆಸರಿಲ್ಲ, ಗರಿಷ್ಠ ಮಾರಾಟ ಬೆಲೆಯ ಚೀಟಿಯಿಲ್ಲ. ಒಳಗಿನ ಕೋಶಗಳು ಯಾವ ಬಗೆಯವೆಂದು ಎಲ್ಲಿಯೂ ಬರೆದಿಲ್ಲ. “ಅಪ್ಪ, ಹೋಗೋಣ” ಎಂದಳು ಮೆಲ್ಲಗೆ. ಅಂಥ ಡಬ್ಬಿಗಳಲ್ಲಿ ಎಲ್ಲವೂ ಮೋಸವೆಂದು ಹೇಳಲಾಗದು. ಆದರೆ ಹೊರಗೆ ಒಂದೆರಡು ಟೆರಾಬೈಟು ಎಂದು ಬರೆದು, ಒಳಗೆ ಉಗುರಿನಗಲದ ಮೆಮೊರಿ ಕಾರ್ಡನ್ನು ಅಂಟಿಸಿ ಮಾರಿದ ಪ್ರಸಂಗಗಳು ಹಲವು ದೇಶಗಳಲ್ಲಿ ಬಯಲಾಗಿವೆ. ಅಂಥದ್ದನ್ನು ಯಂತ್ರಕ್ಕೆ ಸಿಕ್ಕಿಸಿದರೆ ಅದು ಸಾವಿರ ಗಿಗಾಬೈಟೆಂದೇ ಹೇಳಿಕೊಳ್ಳುತ್ತದೆ, ಕೊಟ್ಟದ್ದನ್ನೆಲ್ಲ ನುಂಗುತ್ತದೆ, ತನ್ನ ನಿಜವಾದ ಅಳತೆ ಮೀರಿದ ಮೇಲೆ ಬಂದದ್ದು ಎಲ್ಲಿಗೂ ಸೇರುವುದಿಲ್ಲ. ತಿಂಗಳುಗಳಾದ ಮೇಲೆ ಕಡತವನ್ನು ತೆರೆದಾಗ ಮಾತ್ರ ಅದು ತಿಳಿಯುತ್ತದೆ. ಆಟವಾದರೆ ಮತ್ತೆ ಇಳಿಸಿಕೊಳ್ಳಬಹುದು. ಅಜ್ಜಿಯ ಹಾಡನ್ನು ಎಲ್ಲಿಂದ ಇಳಿಸುವುದು?

ಎರಡನೆಯದು, ಕಚೇರಿಗಳಿಂದ ಕಳಚಿ ತಂದ ಹಳೆಯ ಡ್ರೈವುಗಳ ಅಂಗಡಿ. ಇಲ್ಲಿಯ ಯಜಮಾನ ಮುಚ್ಚುಮರೆಯಿಲ್ಲದ ಮನುಷ್ಯ. ಹಳೆಯದನ್ನು ಹಳೆಯದೆಂದೇ ಹೇಳಿದ. ಡ್ರೈವು ಎಷ್ಟು ಗಂಟೆ ದುಡಿದಿದೆ, ಅದರ ಮೇಲೆ ಎಷ್ಟು ಬರೆಯಲಾಗಿದೆ ಎಂಬ ಲೆಕ್ಕ ಅದರೊಳಗೇ ದಾಖಲಾಗಿರುತ್ತದೆ. ಪುಕ್ಕಟೆಯಾಗಿ ದೊರೆಯುವ ಒಂದು ತಂತ್ರಾಂಶದಿಂದ ಅದನ್ನು ಪರದೆಯ ಮೇಲೆ ತೋರಿಸಿದ. ಹನ್ನೊಂದು ಸಾವಿರ ಗಂಟೆ. ಬ್ಯಾಂಕಿನ ಗುಮಾಸ್ತರಿಗೆ ಈ ಅಂಗಡಿ ಹಿಡಿಸಿತು. ಪಾಸುಪುಸ್ತಕವನ್ನು ತಾನಾಗಿ ತೆರೆದು ತೋರಿಸುವವನನ್ನು ಅವರು ಎಂದೂ ಕೀಳಾಗಿ ಕಂಡವರಲ್ಲ. ಎರಡನೆಯ ಯಂತ್ರಕ್ಕೆ, ಕಳೆದುಹೋದರೂ ಚಿಂತೆಯಿಲ್ಲದ ಆಟಗಳಿಗೆ ಇಂಥದ್ದು ಸಾಕು. ಆದರೆ ಕಂಪನಿಯ ಖಾತರಿ ಮುಗಿದಿತ್ತು. ‘ಇದ್ದ ಒಂದೇ ಪ್ರತಿಯನ್ನು ಇದರ ಮೇಲೆ ಇಡಬೇಡಿ’ ಎಂದು ಅವನೇ ಹೇಳಿ ಕಳುಹಿಸಿದ. ಮಾರುವವನ ಬಾಯಿಂದ ಬರುವ ಇಂಥ ಮಾತಿಗಾಗಿಯೇ ಅನೇಕರು ಮನೆಯಲ್ಲಿ ಕುಳಿತು ತರಿಸಿಕೊಳ್ಳುವುದನ್ನು ಬಿಟ್ಟು ಈ ಧೂಳಿನ ರಸ್ತೆಗೆ ಬರುತ್ತಾರೆ.

ಮೂರನೆಯ ಅಂಗಡಿ ಮಹಡಿಯ ಮೇಲಿತ್ತು. ಮೆಟ್ಟಿಲಿನ ತಿರುವಿನಲ್ಲಿ ಖಾಲಿ ಡಬ್ಬಿಗಳ ರಾಶಿ. ಮೇಲೆ ನಾಲ್ಕು ಜನ ನಿಲ್ಲುವಷ್ಟು ಜಾಗ. ಗೋಡೆಯಲ್ಲಿ ಲಕ್ಷ್ಮಿಯ ಪಟ, ಕೆಳಗೆ ಆರಿದ ಊದುಬತ್ತಿ. ವ್ಯಾಪಾರಿಗೆ ಅರವತ್ತರ ಮೇಲಿನ ವಯಸ್ಸು. ಮನೆಮಾತು ಮಾರವಾಡಿಯಾದರೂ ಪೇಟೆಯ ಕನ್ನಡ ನಿರರ್ಗಳ. ಚೀಟಿಯನ್ನು ಕೈಗೆ ತೆಗೆದುಕೊಳ್ಳದೆಯೇ ಮೊದಲ ಪ್ರಶ್ನೆ ಹಾಕಿದರು: “ಬೋರ್ಡ್ ಯಾವುದಮ್ಮ? ಸಿಕ್ಕಿಸುವ ಸಂದು ಹೇಗಿದೆ?”

ಕೊಳ್ಳುವವರು ಮರೆಯುವ ಪ್ರಶ್ನೆ ಅದು. ಹಳೆಯ ಕಂಪ್ಯೂಟರುಗಳಲ್ಲಿ ಸಾಟಾ ಎಂಬ ದಾರಿ ಮಾತ್ರ ಇರುತ್ತದೆ. ಅದರ ಮೂಲಕ ಸೆಕೆಂಡಿಗೆ ಸುಮಾರು 550 ಮೆಗಾಬೈಟಿಗಿಂತ ಹೆಚ್ಚು ಹರಿಯದು. ಅದಾದರೂ ಹಾರ್ಡ್ ಡಿಸ್ಕಿನ ಮೂರು ನಾಲ್ಕು ಪಾಲು. ಅನಂತರದ ಬೋರ್ಡುಗಳಲ್ಲಿ ಚೂಯಿಂಗ್ ಗಮ್ಮಿನ ಪಟ್ಟಿಯಂತಹ, 22 ಮಿಲಿಮೀಟರ್ ಅಗಲ 80 ಮಿಲಿಮೀಟರ್ ಉದ್ದದ ಎಂ.2 ಡ್ರೈವನ್ನು ಸಿಕ್ಕಿಸುವ ಸಂದು ಇರುತ್ತದೆ. ಎನ್‌ವಿಎಂಇ ಎಂಬ ಬಗೆಯಾದರೆ ಮೂರನೆಯ ತಲೆಮಾರಿನ ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 3500 ಮೆಗಾಬೈಟ್, ನಾಲ್ಕನೆಯದರಲ್ಲಿ ಅದರ ಇಮ್ಮಡಿ. ಹೊಸ ತಲೆಮಾರಿನ ಡ್ರೈವನ್ನು ಹಳೆಯ ಬೋರ್ಡಿಗೆ ಹಾಕಿದರೆ ಕೆಲಸ ಮಾಡುತ್ತದೆ, ಹಳೆಯ ವೇಗದಲ್ಲಿ. ಮಗಳ ಬೋರ್ಡು ಮೂರನೆಯ ತಲೆಮಾರಿನದು.

“ಹಾಗಾದರೆ ಏಳು ಸಾವಿರದ ಅಂಕಿ ನೋಡಿ ದುಡ್ಡು ಸುರಿಯಬೇಡ” ಎಂದರು ವ್ಯಾಪಾರಿ. “ಆಟದಲ್ಲಿ ಅದು ಕಣ್ಣಿಗೆ ಕಾಣುವುದೂ ಇಲ್ಲ.”

ಅದು ನಿಜ. ಚಿತ್ರ ಸರಾಗವಾಗಿ ಓಡುವುದು ಬಹುಮಟ್ಟಿಗೆ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಡ್ರೈವಿನಿಂದ ಆಗುವ ಉಪಕಾರ ಕಾಯುವ ಹೊತ್ತು ಕಡಿಮೆಯಾಗುವುದು, ಮುಂದಿನ ದೃಶ್ಯ ತಡವರಿಸದೆ ಬರುವುದು. ಹಾರ್ಡ್ ಡಿಸ್ಕಿನಿಂದ ಯಾವುದೇ ಸಾಲಿಡ್ ಸ್ಟೇಟ್ ಡ್ರೈವಿಗೆ ಏರಿದಾಗ ಆ ಅಂತರ ಆಕಾಶ ಭೂಮಿಯಷ್ಟು. ಅಗ್ಗದ ಎನ್‌ವಿಎಂಇಯಿಂದ ದುಬಾರಿ ಎನ್‌ವಿಎಂಇಗೆ ಏರಿದಾಗ ಹೆಚ್ಚಿನ ಆಟಗಳಲ್ಲಿ ಒಂದೆರಡು ಸೆಕೆಂಡು. ಆದರೆ ಡ್ರೈವೇ ಇಲ್ಲದೆ ನಡೆಯದ ಕಾಲವೂ ಬಂದಿದೆ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಎಂಬ ಆಟದ ತಯಾರಕರು 150 ಗಿಗಾಬೈಟು ಜಾಗವನ್ನೂ, ಅದು ಸಾಲಿಡ್ ಸ್ಟೇಟ್ ಡ್ರೈವಿನಲ್ಲೇ ಇರಬೇಕೆಂಬುದನ್ನೂ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಬರೆದರು. ಮಗಳ ಕಣ್ಣು ಇದ್ದದ್ದು ಅದೇ ಆಟದ ಮೇಲೆ.

ವ್ಯಾಪಾರಿ ಎರಡು ಡಬ್ಬಿಗಳನ್ನು ಮುಂದಿಟ್ಟರು. ಎರಡೂ ಬಲ್ಲ ಕಂಪನಿಗಳವು. ಒಂದು ಸಾವಿರ ಗಿಗಾಬೈಟಿನದು, ಇನ್ನೊಂದು ಐನೂರರದು. ಬೆಲೆಯಲ್ಲಿ ದೊಡ್ಡದು ಸ್ವಲ್ಪವೇ ಹೆಚ್ಚು. ತಂದೆ ಸಹಜವಾಗಿಯೇ ದೊಡ್ಡದರ ಕಡೆ ಕೈ ಚಾಚಿದರು.

“ತಾಳಿ ಯಜಮಾನರೇ. ಇದು ಕ್ಯೂಎಲ್‌ಸಿ, ಅದು ಟಿಎಲ್‌ಸಿ” ಎಂದು ವ್ಯಾಪಾರಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಮುಂದೆ ಎಳೆದುಕೊಂಡರು.

ಆ ಲೋಟದಿಂದ ಅವರು ಹೇಳಿದ್ದನ್ನು ಪಾವಿನ ಲೆಕ್ಕದಲ್ಲಿ ಹೇಳಿದರೆ ಮನೆಯವರಿಗೆಲ್ಲ ತಿಳಿದೀತು. ಫ್ಲ್ಯಾಶ್ ಚಿಪ್ಪಿನಲ್ಲಿ ಕೋಟ್ಯಂತರ ಪುಟ್ಟ ಕೋಶಗಳಿವೆ. ಒಂದೊಂದರಲ್ಲಿಯೂ ವಿದ್ಯುತ್ಕಣಗಳನ್ನು ಕೂಡಿಹಾಕಿಡುತ್ತಾರೆ. ಪಾವು ಖಾಲಿಯೋ ತುಂಬಿದೆಯೋ ಎಂದು ಮಾತ್ರ ನೋಡಿದರೆ ತಪ್ಪುವ ಸಂಭವ ಕಡಿಮೆ. ಅಂಥ ಕೋಶ ಒಂದು ಬಿಟ್ಟನ್ನು ಹಿಡಿಯುತ್ತದೆ. ಅದೇ ಪಾವಿನೊಳಗೆ ಎಂಟು ಗೆರೆ ಎಳೆದು, ನೀರು ಯಾವ ಗೆರೆಯಲ್ಲಿದೆಯೆಂದು ಗುರುತಿಸಿದರೆ ಮೂರು ಬಿಟ್ಟು, ಅದು ಟಿಎಲ್‌ಸಿ. ಹದಿನಾರು ಗೆರೆ ಎಳೆದರೆ ನಾಲ್ಕು ಬಿಟ್ಟು, ಅದು ಕ್ಯೂಎಲ್‌ಸಿ. ಜಾಗ ಹೆಚ್ಚಾಯಿತು, ಬೆಲೆ ಇಳಿಯಿತು. ಆದರೆ ಗೆರೆಗಳು ಒತ್ತೊತ್ತಾದವು. ತುಂಬುವಾಗ ನಿಧಾನವಾಗಿ ಹನಿ ಹನಿಯಾಗಿ ಸುರಿಯಬೇಕು. ತುಂಬಿ ಚೆಲ್ಲಿದಷ್ಟು ಸಲವೂ ಪಾತ್ರೆಯ ಗೋಡೆ ಸವೆಯುತ್ತದೆ. ಸವೆದ ಪಾತ್ರೆಯಲ್ಲಿ ಹದಿನಾರು ಗೆರೆಗಳನ್ನು ಬೇರೆ ಬೇರೆಯಾಗಿ ಓದುವುದು ಕಷ್ಟ.

ಈ ಸವೆತಕ್ಕೆ ತಯಾರಕರೇ ಒಂದು ಅಂಕಿಯನ್ನು ಕೊಡುತ್ತಾರೆ: ಖಾತರಿಯ ಅವಧಿಯಲ್ಲಿ ಒಟ್ಟು ಎಷ್ಟು ಟೆರಾಬೈಟು ಬರೆಯಬಹುದೆಂಬ ಟಿಬಿಡಬ್ಲ್ಯು. ಡಬ್ಬಿಯ ಮುಖದ ಮೇಲೆ ಅದು ಸಾಮಾನ್ಯವಾಗಿ ಇರುವುದಿಲ್ಲ; ಅಲ್ಲಿ ವೇಗದ ಅಂಕಿಯೇ ಮೆರೆಯುತ್ತಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮಾರಾಟವಾದ ಅಗ್ಗದ ಒಂದು ಟೆರಾಬೈಟಿನ ಡ್ರೈವುಗಳಲ್ಲಿಯೇ ಕ್ರೂಷಿಯಲ್ ಪಿ3ಕ್ಕೆ ಈ ಅಂಕಿ 220, ಕಿಂಗ್‌ಸ್ಟನ್ ಎನ್‌ವಿ2ಕ್ಕೆ 320, ಡಬ್ಲ್ಯುಡಿ ಬ್ಲೂ ಎಸ್‌ಎನ್580ಕ್ಕೆ 600. ಹಾಗೆಂದು ಚಿಕ್ಕ ಅಂಕಿಯನ್ನು ಕಂಡು ಹೆದರಬೇಕಾಗಿಲ್ಲ. ವ್ಯಾಪಾರಿ ಕೊಟ್ಟ ಐನೂರರ ಡ್ರೈವಿನ ಅಂಕಿ 300. ದಿನಕ್ಕೆ 40 ಗಿಗಾಬೈಟು ಬರೆದರೂ ವರ್ಷಕ್ಕೆ ಆಗುವುದು ಹದಿನಾಲ್ಕೂವರೆ ಟೆರಾಬೈಟು. ತಂದೆ ಜೇಬಿನ ಪೆನ್ನು ತೆಗೆದು ಚೀಟಿಯ ಹಿಂದೆ ಭಾಗಾಕಾರ ಮಾಡಿದರು. ಇಪ್ಪತ್ತು ವರ್ಷ. “ಅಷ್ಟರಲ್ಲಿ ನನಗೆ ಎಂಬತ್ತು ದಾಟಿರುತ್ತದೆ” ಎಂದು ವ್ಯಾಪಾರಿ ನಕ್ಕರು. ಆಟದ ಕಂಪ್ಯೂಟರು ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಆಟಕ್ಕಷ್ಟೇ ಆದರೆ ಕ್ಯೂಎಲ್‌ಸಿಯೂ ನಡೆದೀತು. ಆದರೆ ಮುಕ್ಕಾಲು ತುಂಬಿದ ಮೇಲೆ ದೊಡ್ಡ ಕಡತಗಳನ್ನು ಸುರಿದರೆ ಕೆಲವು ಕ್ಯೂಎಲ್‌ಸಿ ಡ್ರೈವುಗಳು ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗುವುದುಂಟು. ಮೊದಲು ಬಂದದ್ದನ್ನು ಬೇಗ ಹಿಡಿದಿಟ್ಟುಕೊಳ್ಳುವ ಅಂಗಳ ಚಿಕ್ಕದಾಗುತ್ತ ಬರುವುದೇ ಇದಕ್ಕೆ ಕಾರಣ.

ಇನ್ನೊಂದು ಸೂಕ್ಷ್ಮವನ್ನು ಮಗಳೇ ಎತ್ತಿದಳು: “ಇದರಲ್ಲಿ ಡಿರ್ಯಾಮ್ ಇದೆಯೇ?” ಯಾವ ಕಡತ ಎಲ್ಲಿದೆಯೆಂಬ ಸೂಚಿಯನ್ನು ಇಟ್ಟುಕೊಳ್ಳಲು ಒಳ್ಳೆಯ ಡ್ರೈವುಗಳಲ್ಲಿ ಬೇರೆಯೇ ಒಂದು ಚಿಪ್ಪಿರುತ್ತದೆ, ಅಗ್ಗದವುಗಳಲ್ಲಿ ಇರುವುದಿಲ್ಲ. ಇದರಲ್ಲೂ ಇರಲಿಲ್ಲ. ಆದರೆ ಎನ್‌ವಿಎಂಇ ಡ್ರೈವುಗಳು ಕಂಪ್ಯೂಟರಿನ ನೆನಪಿನಿಂದಲೇ ಒಂದಿಷ್ಟನ್ನು ಕಡ ಪಡೆದು ಸೂಚಿಯನ್ನು ನಡೆಸಬಲ್ಲವು. ಸಾಟಾ ಡ್ರೈವುಗಳಿಗೆ ಆ ಸೌಕರ್ಯವಿಲ್ಲ. ಆದುದರಿಂದ ಕೈಬಿಗಿಹಿಡಿದು ಕೊಳ್ಳುವವರಿಗೆ, ಬೋರ್ಡು ಒಪ್ಪುವುದಾದರೆ, ಅಗ್ಗದ ಸಾಟಾಗಿಂತ ಅಗ್ಗದ ಎನ್‌ವಿಎಂಇ ಮೇಲು.

ಹೆಸರಾಂತ ಕಂಪನಿಯೆಂಬುದೊಂದೇ ಸಾಕೆ? ಅದೂ ಸಾಲದು. ಹೆಸರೂ ಡಬ್ಬಿಯೂ ಅದೇ ಇದ್ದು, ಒಳಗಿನ ಚಿಪ್ಪುಗಳು ಮಾತ್ರ ಸದ್ದಿಲ್ಲದೆ ಬದಲಾಗಿ, ವೇಗ ಕುಗ್ಗಿದ ಸಂಗತಿಗಳು 2021ರಲ್ಲಿ ಪರೀಕ್ಷಕರ ಕೈಗೆ ಸಿಕ್ಕಿ ದೊಡ್ಡ ಗುಲ್ಲಾದವು. ಎರಡು ವರ್ಷದ ಹಿಂದಿನ ಹೊಗಳಿಕೆಯನ್ನು ಓದಿ ಇಂದು ಕೊಳ್ಳುವವರು ಇದನ್ನು ನೆನಪಿಡುವುದು ಒಳ್ಳೆಯದು. ಬೆಲೆಯೂ ಈರುಳ್ಳಿಯ ಬೆಲೆಯಂತೆಯೇ. 2023ರಲ್ಲಿ ಪಾತಾಳಕ್ಕಿಳಿದಿದ್ದ ಈ ಚಿಪ್ಪುಗಳ ಬೆಲೆ, ಕೃತಕ ಬುದ್ಧಿಯ ಯಂತ್ರಾಗಾರಗಳು ಮಾರುಕಟ್ಟೆಯನ್ನು ಬಾಚಿಕೊಂಡದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಗಗನಕ್ಕೇರತೊಡಗಿತು. ಬೆಲೆಯೇರಿದಾಗಲೆಲ್ಲ ನಕಲಿ ಡಬ್ಬಿಗಳಿಗೆ ಸುಗ್ಗಿ.

ಮಗಳು ಎರಡು ಡಬ್ಬಿಗಳನ್ನೂ ಬಹಳ ಹೊತ್ತು ನೋಡಿದಳು. ಸಾವಿರದಲ್ಲಿ ಇಂಥ ದೊಡ್ಡ ಆಟಗಳು ಐದಾರು ಹಿಡಿಯುತ್ತವೆ, ಐನೂರರಲ್ಲಿ ಎರಡು. ಅವಳು ಮನೆಯಿಂದ ಹೊರಟದ್ದು ಸಾವಿರದ ಆಸೆಯಿಂದಲೇ. ಕೊನೆಗೆ ಐನೂರರದನ್ನು ತಂದೆಯ ಕಡೆ ಸರಿಸಿದಳು. “ಉಳಿದ ದುಡ್ಡಿಗೆ ಒಂದು ಒಳ್ಳೆಯ ಪೆನ್‌ಡ್ರೈವ್ ತೊಗೊಳೋಣ ಅಪ್ಪ. ಅಜ್ಜಿಯ ಹಾಡು ಎರಡು ಕಡೆ ಇರಲಿ.”

ವ್ಯಾಪಾರಿ ಒಪ್ಪಿ ತಲೆಯಾಡಿಸಿದರು. “ಎರಡೂ ಒಂದೇ ಮನೆಯಲ್ಲಿ ಬೇಡಮ್ಮ. ಒಂದನ್ನು ನಿಮ್ಮ ಅತ್ತೆಯ ಮನೆಯಲ್ಲೋ ಮಾವನ ಮನೆಯಲ್ಲೋ ಇಡು. ಪೆಟ್ಟಿಗೆಯಲ್ಲಿಟ್ಟು ಮರೆಯಲೂ ಬೇಡ. ಆಗಾಗ ತೆಗೆದು ಯಂತ್ರಕ್ಕೆ ಹಾಕು.” ಫ್ಲ್ಯಾಶ್ ಕೋಶಗಳಲ್ಲಿ ಕೂಡಿಟ್ಟದ್ದು ವಿದ್ಯುತ್ತು ತಾಗದಿದ್ದರೆ ಮೆಲ್ಲಮೆಲ್ಲನೆ ಸೋರುತ್ತದೆ. ಬರೆಯುವ ಮಿತಿಯನ್ನು ಮುಟ್ಟಿ ಸವೆದ ಗೃಹಬಳಕೆಯ ಡ್ರೈವೂ ವಿದ್ಯುತ್ತಿಲ್ಲದೆ 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ಮಾಹಿತಿಯನ್ನು ಹಿಡಿದಿರಬೇಕೆಂಬುದು ಈ ಉದ್ಯಮದವರ ಒಪ್ಪಿತ ನಿಯಮ. ಹೊಸದು ಅದಕ್ಕಿಂತ ಬಹುಕಾಲ ಹಿಡಿದೀತು. ಆದರೂ ಇದು ಕಲ್ಲಿನ ಶಾಸನವಲ್ಲ.

ಇನ್ನು ತಂದೆಯವರ ಸರದಿ. ವೇಗ, ಕೋಶ, ಸೂಚಿಗಳಲ್ಲಿ ಬಾಯಿ ಹಾಕದಿದ್ದ ಗುಮಾಸ್ತರು ಬಿಲ್ಲಿನ ಮುಂದೆ ಎಚ್ಚರಗೊಂಡರು. ಡಬ್ಬಿಯ ಮೇಲಿನ ಕ್ರಮಸಂಖ್ಯೆಯೂ ಡ್ರೈವಿನ ಮೇಲಿನ ಕ್ರಮಸಂಖ್ಯೆಯೂ ಒಂದೇ ಎಂದು ಬೆರಳಿಟ್ಟು ಓದಿದರು. ಅದನ್ನು ಬಿಲ್ಲಿನಲ್ಲಿಯೂ ಬರೆಯಿಸಿದರು. ಆಮದುದಾರರ ಚೀಟಿ ಇದೆಯೆಂದು ಖಚಿತಪಡಿಸಿಕೊಂಡರು; ಬೇರೆ ದೇಶಕ್ಕೆಂದು ಬಂದ ಸರಕು ಇಲ್ಲಿ ಬಿಕರಿಯಾದರೆ ಕೆಟ್ಟಾಗ ಕಂಪನಿ ಕೈತೊಳೆದುಕೊಳ್ಳಬಹುದು. ಕಂಪನಿಯ ತಾಣದಲ್ಲಿ ಕ್ರಮಸಂಖ್ಯೆಯನ್ನು ಹಾಕಿ ಐದು ವರ್ಷದ ಖಾತರಿ ತೋರುತ್ತದೆಯೇ ಎಂದು ಮಗಳಿಂದ ಅಲ್ಲಿಯೇ ನೋಡಿಸಿದರು. ತೆರಿಗೆಯ ಸಂಖ್ಯೆಯಿದ್ದ ಬಿಲ್ಲನ್ನು ಎರಡು ಸಲ ಓದಿ, ನಾಲ್ಕು ಮಡಿಸಿ ಒಳಜೇಬಿನಲ್ಲಿಟ್ಟರು. ಕೊಳ್ಳುವಾಗ ಇದೆಲ್ಲ ಕಿರಿಕಿರಿಯೆನಿಸುತ್ತದೆ. ಆದರೆ ಈ ಡ್ರೈವುಗಳು ಹಾರ್ಡ್ ಡಿಸ್ಕಿನಂತೆ ಟಿಕ್ ಟಿಕ್ ಎಂದು ಮುನ್ಸೂಚನೆ ಕೊಡುವುದಿಲ್ಲ. ನಿಯಂತ್ರಕ ಚಿಪ್ಪು ಕೆಟ್ಟರೆ ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇಂದು ಮೂಕವಾಗುತ್ತದೆ. ಆಗ ಕೈಯಲ್ಲಿ ಉಳಿಯುವುದು ಬಿಲ್ಲು ಮತ್ತು ಎರಡನೆಯ ಪ್ರತಿ.

ಪರೀಕ್ಷೆಯ ಯಂತ್ರಕ್ಕೆ ಡ್ರೈವನ್ನು ಸಿಕ್ಕಿಸಿದಾಗ ಪರದೆಯ ಮೇಲೆ 465 ಎಂದು ಕಂಡಿತು. “ಐನೂರಕ್ಕೆ ಹಣ ಕೊಟ್ಟು ನಾನೂರರವತ್ತೈದೇ?” ಎಂದು ಗುಮಾಸ್ತರು ಹುಬ್ಬು ಗಂಟಿಕ್ಕಿದರು. ಇದು ಮೋಸವಲ್ಲ. ತಯಾರಕರು ಸಾವಿರ ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮಗಳು ವಿವರಿಸಿದಳು, ಅವರು ಒಪ್ಪಿದರು, ಅರೆಮನಸ್ಸಿನಿಂದ.

ಹಳೆಯ ಡಿಸ್ಕನ್ನೂ ಅವರು ಚೀಲದಲ್ಲಿ ತಂದಿದ್ದರು. ಕೆಳಗಿನ ಮಹಡಿಯಲ್ಲಿ ಕೆಟ್ಟ ಡಿಸ್ಕುಗಳಿಂದ ಮಾಹಿತಿ ಎತ್ತಿಕೊಡುವ ತರುಣನೊಬ್ಬ ಅದಕ್ಕೆ ವಿದ್ಯುತ್ತು ಕೊಟ್ಟು, ವೈದ್ಯರು ಎದೆಗೆ ಕಿವಿಗೊಡುವಂತೆ ಕಿವಿಗೊಟ್ಟು, ತಟ್ಟನೆ ಆರಿಸಿದ. “ಇನ್ನು ಕೆಲವೇ ಸಲ ಏಳುತ್ತೆ ಸಾರ್. ಸುಮ್ಮನೆ ಹಾಕಿ ತೆಗೆದು ಮಾಡಬೇಡಿ. ಹಾಕಿದಾಗ ಮೊದಲು ಬೇಕಾದ್ದನ್ನು ತೆಗೆಯಿರಿ, ಆಟ ಪಾಟ ಆಮೇಲೆ.” ಅದಕ್ಕೆ ಅವನು ಕಾಸು ಕೇಳಲಿಲ್ಲ.

ರಸ್ತೆಗೆ ಇಳಿದ ಮೇಲೆ ಮಗಳಿಗೆ ಒಂದು ನೆನಪಾಯಿತು. ಎಂ.2 ಡ್ರೈವನ್ನು ಬೋರ್ಡಿಗೆ ಬಿಗಿಯುವುದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಸ್ಕ್ರೂ. ಅದು ಡ್ರೈವಿನ ಡಬ್ಬಿಯಲ್ಲಿ ಇರಲಿಲ್ಲ, ಹಳೆಯ ಬೋರ್ಡಿನಲ್ಲಿಯೂ ಇರಲಿಲ್ಲ. ಬೇರೆ ಊರಿನಲ್ಲಾದರೆ ಇದಕ್ಕಾಗಿ ಒಂದು ವಾರ ಕಾಯಬೇಕು. ಇಲ್ಲಿ ಹತ್ತು ಹೆಜ್ಜೆಯಾಚೆಯ ಬೇರಿಂಗಿನ ಅಂಗಡಿಯ ಮಗ್ಗುಲಲ್ಲಿ ಸ್ಕ್ರೂಗಳದ್ದೇ ಒಂದು ಅಂಗಡಿ. ಅಜ್ಜನೊಬ್ಬ ಕನ್ನಡಕವನ್ನು ಹಣೆಗೇರಿಸಿ, ನೂರು ಖಾನೆಗಳ ಮರದ ಪೆಟ್ಟಿಗೆಯಿಂದ ಎರಡು ಸ್ಕ್ರೂಗಳನ್ನು ಚಿಮಟಿಗೆಯಲ್ಲಿ ಎತ್ತಿ ಕಾಗದದ ಪೊಟ್ಟಣ ಕಟ್ಟಿದ. ಬೇಕಾದದ್ದು ಒಂದೇ. “ಇನ್ನೊಂದು ಕೆಳಗೆ ಬೀಳೋದಕ್ಕೆ” ಎಂದ.

ರಾತ್ರಿ ಎಂಟಕ್ಕೆ ತುಮಕೂರಿನ ಮನೆಯಲ್ಲಿ ಒಂದು ಸ್ಕ್ರೂ ನಿಜವಾಗಿಯೂ ಮೇಜಿನ ಕೆಳಗೆ ಉರುಳಿಹೋಯಿತು. ಎರಡನೆಯದು ಡ್ರೈವನ್ನು ಹಿಡಿದು ನಿಲ್ಲಿಸಿತು. ಹಳೆಯ ಡಿಸ್ಕು ಎರಡು ಸಲ ಮುಷ್ಕರ ಹೂಡಿ ಮೂರನೆಯ ಸಲ ಎದ್ದಿತು. ಅಂದಿನ ರಾತ್ರಿ ಹತ್ತೂವರೆಯ ವೇಳೆಗೆ ನಲವತ್ತಾರು ಹಾಡುಗಳಲ್ಲಿ ನಲವತ್ತಮೂರು ಬಂದವು. ಉಳಿದ ಮೂರನ್ನು ಡಿಸ್ಕು ಕೊಡಲಿಲ್ಲ. ಬಂದವುಗಳಲ್ಲಿ ಒಂದನ್ನು ಮಗಳು ತೆರೆದಳು. ಹಾಡಿಗೆ ಮೊದಲು ಒಂದು ಕೆಮ್ಮು, ಆಮೇಲೆ, “ಶುರುವಾಯ್ತೇನೇ, ಈಗ ಹೇಳಲೇ?” ಎಂಬ ಪ್ರಶ್ನೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತಾಯಿ ನಲ್ಲಿಯನ್ನು ನಿಲ್ಲಿಸಿದರು.

ಆಟವನ್ನು ಮರುದಿನ ಇಳಿಸಿಕೊಳ್ಳಲು ಹಚ್ಚಿದರು. ಅದು ಮುಗಿಯಲು ಸಂಜೆಯಾಯಿತು.